ಬ್ಯಾಗು ಕಾಯುವವಳು ಹಿಮದಲ್ಲಿ ಜಾರಿದ್ದು

ಬೆಳಗ್ಗೆ ಐದೂವರೆಗೆ ಹಾಲು ಕಾಯಿಸಿದೆ. ಕಾವೇರಿ ನೀರು ಬರುವ ದಿನವಾದ್ದರಿಂದ ಸಂಪಿನ ಮುಚ್ಚಳ ಎತ್ತಿ ನೋಡಿ ಮೋಟಾರು ಹಾಕಿದೆ. ಟ್ಯಾಂಕು ತುಂಬಿ ಚೆಲ್ಲುವ ಸದ್ದು ಕೇಳಿದ ಮೇಲೆ ಆರಿಸಿದೆ. ತಿಂಡಿಗೆ ಅವರೆಕಾಳಿನ ಉಪ್ಪಿಟ್ಟು. ಕೊತ್ತಂಬರಿ ಸೊಪ್ಪು ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದು ಪ್ಲಂಬರಿಗೆ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ಆತ, "ಬಂದೆ ಆಂಟಿ, ನಾಯಂಡಹಳ್ಳಿ ಸಿಗ್ನಲ್ಲಲ್ಲಿ ಇದೀನಿ" ಎಂದ. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಮನುಷ್ಯ ಎರಡು ಗಂಟೆ ನಿಲ್ಲುವುದು ಅಸಾಧ್ಯವೇನೂ ಅಲ್ಲವಾದ್ದರಿಂದ ನಂಬಿದೆ. ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದೆ. ಆಮೇಲೆ ಬೀರುವಿನ ಮೇಲಿದ್ದ ಸೂಟ್‌ಕೇಸನ್ನು ಇಳಿಸಿ, ಅದರಲ್ಲಿದ್ದ ದಪ್ಪ ಜಾಕೆಟ್ಟನ್ನು ತಾರಸಿಯಲ್ಲಿ ಬಿಸಿಲಿಗೆ ಹಾಕಿದೆ. ನನ್ನ ಗೆಳತಿ ಶಶಿಯ ತಂಗಿ ಮಗಳು ಮನಾಲಿಗೆ ಹೋಗುತ್ತಾಳಂತೆ, ಅವಳಿಗೆ ಬೇಕಂತೆ.

ಹಾಕುವ ಮುಂಚೆ ಒಂದು ಸಲ ಕೊಡವಿದೆ ನೋಡಿ, ಒಳಜೇಬಿನಿಂದ ಗೋಲಿಗಿಂತ ತುಸು ದೊಡ್ಡದಾದ ಬಿಳಿಯ ಉಂಡೆಯೊಂದು ಬಿದ್ದು ಟಕ ಟಕ ಎಂದು ಉರುಳಿಕೊಂಡು ಹೋಯಿತು. ತಾರಸಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದ ನಮ್ಮ ಯಜಮಾನರು ಅದನ್ನು ಎತ್ತಿಕೊಂಡರು.

"ನುಸಿಗುಳಿಗೆ ಇಲ್ಲೇ ಇದೆಯಲ್ಲೇ. ಮೊನ್ನೆ ಅಂಗಡೀಲಿ ಹೊಸಾದು ಯಾಕ್ ತರಿಸ್ದೆ?"

"ನುಸಿಗುಳಿಗೆ ಅಲ್ಲ ರೀ ಅದು. ತಿನ್ನೋದು."

ಅವರು ಅದನ್ನು ಮೂಸಿ ನೋಡಿದರು. ಕನ್ನಡಕ ತೆಗೆದು ಇನ್ನೊಂದು ಸಲ ಮೂಸಿದರು. "ಯಾರು ತಿನ್ನೋದು?" ಎಂದರು.

ನನಗೆ ನಗು ಬಂತು. ಮಧ್ಯಾಹ್ನದ ಅಡುಗೆಗೆ ಇನ್ನೂ ಹೊತ್ತಿತ್ತು, ಪ್ಲಂಬರು ಹೇಗೂ ನಾಯಂಡಹಳ್ಳಿಯಲ್ಲಿದ್ದ. ಹಾಗಾಗಿ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡು ತಾರಸಿಯ ಮೆಟ್ಟಿಲ ಮೇಲೆ ಕೂತೆ.

ಆ ಉಂಡೆಯ ಕತೆ ಹೇಳಬೇಕಾದರೆ ಮೊದಲು ನನ್ನ ಉದ್ಯೋಗದ ವಿಷಯ ಹೇಳಬೇಕು. ಸಂಬಳವಿಲ್ಲ, ರಜೆಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ನಾನು ಬ್ಯಾಗು ಕಾಯುವವಳು. ನಿಮ್ಮ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ, ಯೋಚಿಸಿ ನೋಡಿ. ನಾಲ್ಕು ಜನ ಹೊಳೆಗೆ ಇಳಿದರೆ ದಡದಲ್ಲಿ ನಾಲ್ಕು ಜನರ ಬಟ್ಟೆ, ವಾಚು, ಕನ್ನಡಕ ಮಡಿಲಲ್ಲಿಟ್ಟುಕೊಂಡು ಕೂತಿರುವವರು. ದೇವಸ್ಥಾನದಲ್ಲಿ, "ನೀವೆಲ್ಲ ಹೋಗ್ಬನ್ನಿ, ನಾನು ಆಮೇಲೆ ಹೋಗ್ತೀನಿ" ಎಂದು ಚಪ್ಪಲಿಗಳ ನಡುವೆ ನಿಲ್ಲುವವರು, ಆಮೇಲೆ ಮಂಗಳಾರತಿ ಮುಗಿದು ಬಾಗಿಲು ಹಾಕಿದ್ದರಿಂದ ಗೋಪುರಕ್ಕೇ ಕೈಮುಗಿದು ಬರುವವರು. ನಮ್ಮ ಮನೆಯಲ್ಲಿ ಅದು ನಾನು.

ಇದು ನನಗೆ ಮದುವೆಯಾದ ಮೇಲೆ ಅಂಟಿದ್ದಲ್ಲ. ರಾಜಾಜಿನಗರದ ಶಾಲೆಯಲ್ಲಿ ಐದನೆಯ ಕ್ಲಾಸಿನಲ್ಲಿದ್ದಾಗ ಸ್ಪೋರ್ಟ್ಸ್ ಡೇ ದಿನ ಓಡುವ ಹುಡುಗಿಯರೆಲ್ಲ ತಮ್ಮ ಬಳೆ, ಟೇಪು, ಹೇರ್‌ಕ್ಲಿಪ್ಪು ತಂದು ನನ್ನ ಲಂಗದಲ್ಲಿ ಹಾಕಿ ಹೋಗುತ್ತಿದ್ದರು. ಯಾರು ಗೆದ್ದರೋ ನಾನು ನೋಡುತ್ತಿರಲಿಲ್ಲ, ಯಾರ ಬಳೆ ಎಷ್ಟು ಎಂಬುದು ಮಾತ್ರ ಬಾಯಿಪಾಠವಿತ್ತು. ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಹೊರಟರೆ ಮೆಜೆಸ್ಟಿಕ್ಕಿನಲ್ಲಿ ಅಪ್ಪ ಟಿಕೆಟ್ಟಿಗೆ, ಅಮ್ಮ ತಮ್ಮನನ್ನು ಕರೆದುಕೊಂಡು ನೀರಿಗೆ. ನಾನು ಟ್ರಂಕಿನ ಮೇಲೆ. ಟ್ರಂಕಿನ ತಗಡು ಬಿಸಿಲಿಗೆ ಕಾದು ತೊಡೆ ಚುರುಗುಟ್ಟುತ್ತಿದ್ದರೂ ಏಳುತ್ತಿರಲಿಲ್ಲ. ನಮ್ಮಜ್ಜಿ ಹೇಳಿಕೊಟ್ಟಿದ್ದಳು: "ಗಂಟು ಇರೋ ಕಡೆ ಕಣ್ಣಿರ್ಬೇಕು ಕಣೇ. ಬಾಯಿ ಎಲ್ಲಾದ್ರೂ ಇರ್ಲಿ." ಅಂದರೆ ಪಕ್ಕದವರ ಹತ್ತಿರ ಎಷ್ಟು ಬೇಕಾದರೂ ಹರಟಬಹುದು, ಆದರೆ ನೋಟ ಮಾತ್ರ ಗಂಟಿನ ಮೇಲಿನಿಂದ ಕದಲಬಾರದು. ಚೀಲದ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಕೂರುವ ಪದ್ಧತಿಯೂ ಅವಳದೇ.

ಇದರಲ್ಲಿ ನನಗೆ ಹೆಮ್ಮೆಯೂ ಇತ್ತು, ಸುಳ್ಳು ಹೇಳಬಾರದು. ಇಷ್ಟು ವರ್ಷದಲ್ಲಿ ಒಂದು ಟವೆಲ್ಲೂ ಕಳೆದದ್ದಿಲ್ಲ. ಒಂದೇ ಒಂದು ಸಲ ಸ್ವಲ್ಪ ಬೇಜಾರಾಗಿತ್ತು. ನನ್ನ ಸ್ವಂತ ತಂಗಿಯ ಮದುವೆ ವಿಜಯನಗರದ ಛತ್ರದಲ್ಲಿ ನಡೆದಾಗ ಒಡವೆ, ಸೀರೆ ಇಟ್ಟಿದ್ದ ಮಹಡಿಯ ಕೋಣೆಯನ್ನು ಕಾಯಲು ಎಲ್ಲರಿಗೂ ಸಹಜವಾಗಿ ನನ್ನ ನೆನಪೇ ಆಯಿತು. ಧಾರೆಯ ಹೊತ್ತಿಗೆ ಯಾರೋ ಬಂದು ನನ್ನನ್ನು ಬಿಡಿಸುತ್ತಾರೆ ಎಂದಿದ್ದರು, ಬರಲಿಲ್ಲ. ಗಟ್ಟಿಮೇಳ ಕೇಳಿಸಿತು. ಕೈಯಲ್ಲಿದ್ದ ಅಕ್ಷತೆಯನ್ನು ಏನು ಮಾಡುವುದು ಎಂದು ತಿಳಿಯದೆ ಕಿಟಕಿಯಿಂದ ಹಾಕಿದೆ. ಅದು ಕೆಳಗೆ ಸೌತೆಕಾಯಿ ಕೊಚ್ಚುತ್ತಿದ್ದ ಅಡುಗೆಯವರ ತಲೆಯ ಮೇಲೆ ಬಿತ್ತು. ಅವರ ಸಂಸಾರಕ್ಕೆ ಒಳ್ಳೆಯದೇ ಆಗಿರಬೇಕು.

ಇಂಥ ನನ್ನನ್ನು ಹೋದ ಚಳಿಗಾಲದಲ್ಲಿ ಹಿಮದ ಮೇಲೆ ಜಾರಲು ಕರೆದುಕೊಂಡು ಹೋದವರು ಶಶಿ ಮತ್ತು ಅವಳ ಗಂಡ ರಮೇಶ್. ಶಶಿ ನನಗೆ ಪಾರ್ಕಿನ ವಾಕಿಂಗಿನಲ್ಲಿ ಸಿಕ್ಕವಳು; ಕುರುಬರಹಳ್ಳಿಯಲ್ಲಿ ಅವರ ಮನೆ, ಬಸವೇಶ್ವರನಗರದ ನಮ್ಮ ಮನೆಯಿಂದ ಆಟೋದವರು ಬರಲು ಒಪ್ಪದಷ್ಟು ಹತ್ತಿರ. ರಮೇಶ್ ಮಾರೇನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಅವರ ಮಗ ನಿಶಾಂತ್, ನಮ್ಮ ಮಗಳು ಮೇಘನಾ ಒಂದೇ ಕಾಲೇಜು. ಎರಡೂ ಮನೆಯ ದಂಪತಿಗಳಿಗೆ ಮದುವೆಯಾಗಿ ಅದೇ ವರ್ಷ ಇಪ್ಪತ್ತೈದು ತುಂಬಿತ್ತು. ಒಂದು ಭಾನುವಾರ ರಮೇಶ್ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ಸುದ್ದಿ ತೆಗೆದರು.

"ಊಟಿ ಸಾಕು ಸಾರ್. ಕೊಡೈಕನಾಲೂ ಸಾಕು. ಈ ಸಲ ಅಲ್ಮಾಟಿಗೆ ಹೋಗಿ ಸ್ಕೀಯಿಂಗ್ ಮಾಡೋಣ."

"ಆಲಮಟ್ಟಿ ಡ್ಯಾಮ್ ಹತ್ರ ಏನ್ರೀ ಸ್ಕೀಯಿಂಗು?" ಎಂದು ಇವರು ತಮಾಷೆ ಮಾಡಿದರು.

"ಕಜಕಸ್ತಾನ ಸಾರ್. ವೀಸಾ ಬೇಡ. ದೆಹಲಿಯಿಂದ ನಾಲ್ಕು ಗಂಟೆ ವಿಮಾನ. ನಮ್ಮ ಅಂಗಡಿಯಿಂದ ವೈಟ್‌ಫೀಲ್ಡಿಗೆ ಡೆಲಿವರಿ ಕೊಟ್ಟು ಬರೋ ಹೊತ್ತಿಗೆ ನಾವು ಅಲ್ಲಿರ್ತೀವಿ."

ನಮ್ಮವರು ಡಿಪ್ಲೊಮಾ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳುವವರು. ಹಿಮದ ಮೇಲೆ ಜಾರುವುದೆಂದರೆ ಘರ್ಷಣೆಯ ವಿಚಾರ, ಅದರಲ್ಲಿ ಹೆದರುವುದು ಏನಿದೆ ಎಂದು ಅಂದಿನಿಂದಲೇ ತಯಾರಿ ಶುರು ಮಾಡಿದರು. ದಿನಾ ಬೆಳಗ್ಗೆ ತಾರಸಿಯಲ್ಲಿ ಕಾಲಿಗೆ ಸಾಕ್ಸು ಹಾಕಿಕೊಂಡು, ಎರಡು ಕೈಯಲ್ಲಿ ಎರಡು ನೆಲ ಒರೆಸುವ ಕೋಲು ಹಿಡಿದು, ಮೊಣಕಾಲು ಬಗ್ಗಿಸಿ ನಿಲ್ಲುತ್ತಿದ್ದರು. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಆಂಟಿ ನಾಲ್ಕು ದಿನ ಸುಮ್ಮನೆ ನೋಡಿ, ಐದನೆಯ ದಿನ ನನ್ನನ್ನು ಕರೆದು, "ಸಾರ್‌ಗೆ ಸೊಂಟ ಹಿಡ್ಕೊಂಡಿದೆಯೇನಮ್ಮ? ನಮ್ಮ ಹತ್ರ ಒಳ್ಳೆ ಎಣ್ಣೆ ಇದೆ" ಎಂದರು.

ನಾನು ಕೋಡುಬಳೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಹಪ್ಪಳ ಕಟ್ಟಿಕೊಂಡೆ. ಪುಟ್ಟ ಕರೆಂಟು ಕುಕ್ಕರೊಂದನ್ನು ಟವೆಲ್ಲಿನಲ್ಲಿ ಸುತ್ತಿ ಇಟ್ಟೆ. ಆರು ಜನರ ಪಾಸ್‌ಪೋರ್ಟನ್ನು ನೀಲಿ ಬ್ಯಾಗಿನ ಒಳಗಿನ ಜಿಪ್ಪಿನಲ್ಲಿ ಹಾಕಿ ಆ ಬ್ಯಾಗನ್ನು ನನ್ನ ಹೆಗಲಿಗೇ ಹಾಕಲಾಯಿತು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ಅದು ತಾನಾಗಿಯೇ ನಡೆಯಿತು.

ಆದರೆ ವಿಮಾನದಲ್ಲಿ ಕೆಳಗಡೆ ಬೆಳ್ಳಗೆ ಬೆಟ್ಟಗಳು ಕಾಣಿಸಿದಾಗ ನನಗೇನೋ ಆಯಿತು. ಹಿಟ್ಟು ಜರಡಿ ಹಿಡಿದ ಹಾಗೆ ಅಷ್ಟು ನುಣ್ಣಗೆ, ಅಷ್ಟು ಬಿಳಿ. ಪಕ್ಕದಲ್ಲಿದ್ದ ಶಶಿಯ ಕೈ ಹಿಡಿದು ಮೆಲ್ಲಗೆ ಹೇಳಿದೆ:

"ಶಶಿ, ನಾನೂ ಒಂದ್ಸಲ ಜಾರ್ಬೇಕು ಕಣೇ. ಒಂದೇ ಸಲ. ಮೇಲಿಂದ ಕೆಳಗೆ, ಬೀಳ್ದೆ."

"ಜಾರೋಕೇ ಅಲ್ವೇನೇ ಹೋಗ್ತಿರೋದು? ಇದೇನ್ ಗುಟ್ಟು?"

"ಯಾರಿಗೂ ಹೇಳ್ಬೇಡ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಅವಳಿಗೆ ಗೊತ್ತಾಗಲಿಲ್ಲ. ಐವತ್ತೊಂದು ವರ್ಷ ದಡದಲ್ಲಿ ಕೂತವಳಿಗೆ ನೀರಿಗಿಳಿಯುವ ಆಸೆಯಾದರೆ ಅದನ್ನು ಜೋರಾಗಿ ಹೇಳುವುದಕ್ಕೂ ನಾಚಿಕೆ.

ಅಲ್ಮಾಟಿ ಊರು ಚೆನ್ನಾಗಿದೆ. ಬೀದಿ ಬೀದಿಗೂ ಮರ, ಮರದ ಹಿಂದೆ ಬೆಟ್ಟ. ಉಳಿದುಕೊಂಡದ್ದು ಅಡುಗೆಮನೆ ಇರುವ ಒಂದು ಬಾಡಿಗೆ ಫ್ಲಾಟು. ಹಿಮದಾಟಕ್ಕೆ ಮೂರು ದಿನ ಇಟ್ಟುಕೊಂಡಿದ್ದೆವು. ಊರಂಚಿನಿಂದ ಹಗ್ಗದ ಮೇಲೆ ತೂಗುತ್ತಾ ಹೋಗುವ ಗಾಜಿನ ಡಬ್ಬಿಯೊಳಗೆ ಕೂತರೆ ಅದು ಬೆಟ್ಟದ ಮೇಲಕ್ಕೆ ಒಯ್ಯುತ್ತದೆ. ಮೇಲೆ ಗಾಜಿನ ಗೋಡೆಯ ಕೆಫೆ, ಪಕ್ಕದಲ್ಲೇ ಕಲಿಯುವವರಿಗೆಂದು ಬಿಟ್ಟಿರುವ ಸಣ್ಣ ಇಳಿಜಾರು. ಬಾಡಿಗೆಗೆ ಬೂಟು ಕೊಟ್ಟರು. ಹಾಕಿಕೊಂಡರೆ ಎರಡು ಕಾಲಿಗೂ ಒಂದೊಂದು ಪ್ರೆಶರ್ ಕುಕ್ಕರ್ ಕಟ್ಟಿದ ಹಾಗೆ.

ಮೊದಲ ದಿನ ಎಲ್ಲರೂ ಬೂಟು ತೊಟ್ಟು ದಡಬಡ ನಡೆಯತೊಡಗಿದಾಗ ನೋಡಿದೆ: ಬೆಂಚಿನ ಮೇಲೆ ಆರು ಜೊತೆ ಶೂ, ನಾಲ್ಕು ಬ್ಯಾಗು, ಮಫ್ಲರುಗಳು, ತಿಂಡಿಯ ಚೀಲ. ಮನಸ್ಸು ತಂತಾನೇ ಎಣಿಸತೊಡಗಿತು.

"ನೀವ್ ಹೋಗಿ, ನಾನು ಆಮೇಲೆ ಬರ್ತೀನಿ" ಎಂದೆ.

"ಅಮ್ಮಾ, ಲಾಕರ್ ಇದೆ" ಎಂದಳು ಮೇಘನಾ. "ಎಲ್ಲ ಅದರೊಳಗೆ ಹಾಕಿ ಬೀಗ ಹಾಕಿದ್ರೆ ಮುಗೀತು. ನೀನು ಬಾ."

ಸರಿ, ಹಾಕಿದೆವು. ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದ, ನನ್ನ ಕಿರುಬೆರಳಿನ ಉಗುರಿನಷ್ಟು ಬೀಗದ ಕೈ ಕೊಟ್ಟರು. ಅದನ್ನು ನೋಡಿಯೇ ನನಗೆ ನಂಬಿಕೆ ಹೋಯಿತು. ಇಷ್ಟು ಚಿಕ್ಕ ಕೈಗೆ ತೆರೆದುಕೊಳ್ಳುವ ಬೀಗ ಹೇರ್‌ಪಿನ್ನಿಗೂ ತೆರೆದುಕೊಳ್ಳುವುದಿಲ್ಲವೇ? ಇನ್ನು ಆ ಕೈ ಹಿಮದಲ್ಲಿ ಬಿದ್ದರೆ ಯಾವ ಜನ್ಮದಲ್ಲಿ ಸಿಗುತ್ತದೆ? ಎಲ್ಲರನ್ನೂ ಮುಂದೆ ಕಳಿಸಿ, ಒಂದು ಸಲ ಬೀಗ ಎಳೆದು ನೋಡಿ ಹೋಗೋಣವೆಂದು ನಿಂತೆ. ಒಂದು ಕುರ್ಚಿ ಇತ್ತು, ಕೂತೆ. ಮಧ್ಯಾಹ್ನ ಕೈ ಬಿಸಿ ಮಾಡಿಕೊಳ್ಳಲು ಒಳಗೆ ಬಂದ ನಿಶಾಂತ್ ನನ್ನನ್ನು ನೋಡಿ ದಂಗಾದ.

"ಆಂಟಿ, ಲಾಕರ್ ಮುಂದೆ ಯಾಕ್ ಕೂತಿದೀರ?"

"ಬೀಗ ಸ್ವಲ್ಪ ಸಡಿಲ ಇದೆ ಕಣೋ."

"ಹಂಗಾದ್ರೆ ಲಾಕರ್ ಯಾಕೆ ತಗೊಂಡ್ವಿ?"

ಬೀಗವನ್ನು ಇನ್ನೊಂದು ಸಲ ಎಳೆದು ನೋಡಿದೆ. ನಿಜ ಹೇಳಬೇಕೆಂದರೆ ಅಂದು ನನ್ನನ್ನು ಯಾರೂ ಕೂರಿಸಿರಲಿಲ್ಲ. ಬಾ ಬಾ ಎಂದು ಐದು ಜನ ಕರೆದಿದ್ದರು. ಆದರೂ ಕೂತಿದ್ದೆ. ಆ ದಿನ ಹಾಗೇ ಮುಗಿಯಿತು.

ಎರಡನೆಯ ದಿನ ಲಾಕರಿನ ನಾಟಕವೇ ಬೇಡವೆಂದು ಸಾಮಾನನ್ನೆಲ್ಲ ಕೆಫೆಯ ಗಾಜಿನ ಗೋಡೆಯ ಪಕ್ಕದ ಮೇಜಿಗೆ ತಂದೆ. ಕಾಯುತ್ತಲೇ ಹೊರಗಿನದನ್ನೂ ನೋಡಬಹುದು. ಮಧ್ಯಾಹ್ನದ ಮೇಲೆ ಶಶಿ ಕೂರುತ್ತಾಳೆ, ನಾನು ಹೋಗುತ್ತೇನೆ ಎಂದು ಮಾತಾಗಿತ್ತು. ಅಲ್ಲೇ ಪಕ್ಕದ ಮೇಜಿನಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ತಲೆಗೆ ಹೂವಿನ ಚಿತ್ತಾರದ ಚೌಕವಸ್ತ್ರ, ಕೆಂಪು ಕೆನ್ನೆ, ಮುಂದಿನ ಎರಡು ಹಲ್ಲು ಚಿನ್ನದವು. ಆ ದೇಶದವಳೇ. ಸುತ್ತಲೂ ಏಳೆಂಟು ಚೀಲ, ಮಕ್ಕಳ ಕೋಟು, ಒಂದು ಫ್ಲಾಸ್ಕು. ಒಂದು ಬ್ಯಾಗಿನ ಪಟ್ಟಿಯನ್ನು ಕಾಲಿಗೆ ಎರಡು ಸುತ್ತು ಸುತ್ತಿಕೊಂಡಿದ್ದಳು.

ನನಗೆ ನಮ್ಮೂರಿನವರು ಸಿಕ್ಕಿದಷ್ಟು ಸಂತೋಷವಾಯಿತು. ಅವಳೂ ನನ್ನ ಕಾಲನ್ನು ನೋಡಿದಳು. ಅಲ್ಲೂ ಪಟ್ಟಿ ಸುತ್ತಿತ್ತು. ಇಬ್ಬರೂ ನಕ್ಕೆವು. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು ಬಾರದು. ಅವಳು ಕಿಟಕಿಯಾಚೆ ಕೈ ತೋರಿಸಿ ಮೂರು ಬೆರಳೆತ್ತಿದಳು: ಮೂವರು ಮೊಮ್ಮಕ್ಕಳು. ನಾನು ಐದು ಬೆರಳೆತ್ತಿದೆ. ಅವಳು ಅಷ್ಟು ಜನರನ್ನೂ ನನ್ನ ಮಕ್ಕಳೆಂದು ತಿಳಿದಳೋ ಏನೋ, ಬಹಳ ಗೌರವದಿಂದ ತಲೆಯಾಡಿಸಿದಳು. ನಾನು ಕೋಡುಬಳೆ ಕೊಟ್ಟೆ. ಚಿನ್ನದ ಹಲ್ಲಿನಲ್ಲಿ ಕಟಕ್ಕನೆ ಕಡಿದು, ಕಣ್ಣು ಮುಚ್ಚಿ ಅಗಿದು, ಇನ್ನೊಂದಕ್ಕೆ ಕೈ ಚಾಚಿದಳು. ಆಮೇಲೆ ಚೀಲಕ್ಕೆ ಕೈ ಹಾಕಿ ನನ್ನ ಬೊಗಸೆಗೆ ಒಂದಿಷ್ಟು ಬಿಳಿಯ ಉಂಡೆ ಹಾಕಿದಳು. ಮೊಸರನ್ನು ಹಿಂಡಿ, ಉಪ್ಪು ಬೆರೆಸಿ, ಕಲ್ಲಿನಂತಾಗುವ ತನಕ ಒಣಗಿಸಿದ ಉಂಡೆ. ಕಚ್ಚಿದರೆ ಹಲ್ಲೇ ಅಲುಗಾಡಿತು. ಬಾಯಲ್ಲಿಟ್ಟು ಚೀಪಬೇಕೆಂದು ಅವಳು ಕೆನ್ನೆಯುಬ್ಬಿಸಿ ತೋರಿಸಿದಳು. ಚೀಪಿದೆ, ಅರ್ಧ ಗಂಟೆ ಆದ ಮೇಲೆ ಬಾಯಿಗೆ ಹುಳಿಮಜ್ಜಿಗೆಯ ರುಚಿ ಬಂತು. ಉಳಿದದ್ದನ್ನು ಜೇಬಿಗೆ ಹಾಕಿಕೊಂಡೆ. ಇಂದು ತಾರಸಿಯಲ್ಲಿ ಉರುಳಿದ್ದು ಅದರಲ್ಲೊಂದು.

ಹೀಗೆ ಖುಷಿಯಾಗಿ ಕೂತಿರುವಾಗಲೇ ಘರ್ಷಣೆಯ ಸಿದ್ಧಾಂತ ಕೈಕೊಟ್ಟಿತು. ಇಳಿಜಾರಿನಲ್ಲಿ ಇವರು ನೆಟ್ಟಗೆ ನಿಂತೇ ಬಂದರು, ಅಲ್ಲಿಯವರೆಗೆ ಸರಿ. ನಿಲ್ಲುವುದು ಹೇಗೆಂದು ತಾರಸಿಯಲ್ಲಿ ಅಭ್ಯಾಸವಾಗಿರಲಿಲ್ಲ. ಹಿಮದ ಗುಡ್ಡೆಗೆ ಹೋಗಿ ಕೂತರು. ರಮೇಶ್ ಮತ್ತು ನಿಶಾಂತ್ ಎರಡು ಕಡೆ ಹಿಡಿದು ಕರೆತಂದಾಗ ಎಡ ಮೊಣಕಾಲು ಊದಿತ್ತು. ಮೂಳೆಗೇನೂ ಆಗಿಲ್ಲ, ನಾಲ್ಕು ದಿನ ಆಡಿಸಬೇಡಿ ಎಂದು ಅಲ್ಲಿನ ಡಾಕ್ಟರು ಬಟ್ಟೆ ಸುತ್ತಿ ಕಳಿಸಿದರು. ಅಷ್ಟರಲ್ಲಿ ಮಧ್ಯಾಹ್ನವೂ ಹೋಯಿತು, ನನ್ನ ಸರದಿಯೂ ಹೋಯಿತು. ಉಳಿದದ್ದು ಒಂದೇ ದಿನ.

ಆ ಕೊನೆಯ ದಿನ ಬೆಳಗ್ಗೆ ಶಶಿ ತಡೆಯಲಾರದೆ ಎಲ್ಲರೆದುರೇ ಗುಟ್ಟು ಒಡೆದಳು.

"ಸಾರ್, ನಿಮ್ಮ ಹೆಂಡ್ತಿಗೆ ಒಂದ್ಸಲ ಜಾರ್ಬೇಕು ಅಂತ ಆಸೆ. ವಿಮಾನದಲ್ಲೇ ಹೇಳಿದ್ಲು. ಇವತ್ತೂ ಕೂರ್ಸಿದ್ರೆ ನಾನು ನಿಮ್ಮ ಜೊತೆ ಮಾತಾಡಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ದೋಸೆ ಕದ್ದು ಸಿಕ್ಕಿಬಿದ್ದವಳ ಹಾಗೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತೆ.

"ಮೊದ್ಲೇ ಹೇಳಕ್ಕಾಗಲ್ವೇನೇ ಸುಧಾ?" ಎಂದರು ಇವರು. "ನನ್ ಕಾಲು ಹೇಗೂ ಕೂತಿದೆ. ಇವತ್ತು ನಾನು ಕಾಯ್ತೀನಿ. ನೀನ್ ಹೋಗು."

ಪ್ರೀತಿಯಿಂದಲೇ ಹೇಳಿದರು. ಆದರೆ ಕಾಯುವ ವಿಚಾರದಲ್ಲಿ ಅವರ ಇತಿಹಾಸ ನನಗೆ ಗೊತ್ತು. ಒಮ್ಮೆ ದೇವಸ್ಥಾನದಲ್ಲಿ ಹನ್ನೆರಡು ಜೊತೆ ಚಪ್ಪಲಿ ಒಪ್ಪಿಸಿ ಒಳಗೆ ಹೋಗಿದ್ದೆವು. ಬಂದು ನೋಡಿದರೆ ಹನ್ನೊಂದು ಜೊತೆ ಇದ್ದವು. ಹೋದದ್ದು ಅವರದೇ, ಅದೂ ಕಾಲಿನಲ್ಲಿ ಹಾಕಿಕೊಂಡಿದ್ದದ್ದು. ಸ್ವಲ್ಪ ಬಿಚ್ಚಿಟ್ಟು ಕಾಲು ಚಾಚಿದ್ದೆ ಅಷ್ಟೆ ಎಂದಿದ್ದರು. ಇಂಥವರ ಮುಂದೆ ನೀಲಿ ಬ್ಯಾಗನ್ನಿಟ್ಟು ಹತ್ತು ನಿಮಿಷ ಸೂಚನೆ ಕೊಟ್ಟೆ. ಪಟ್ಟಿ ಕಾಲಿಗೆ ಸುತ್ತಿದೆ, ಊದಿದ ಕಾಲು ಬೇಡವೆಂದು ಇನ್ನೊಂದಕ್ಕೆ ಬದಲಿಸಿದೆ.

"ನಿದ್ದೆ ಮಾಡ್ಬೇಡಿ."

"ಇಲ್ಲ."

"ಫೋನ್ ನೋಡ್ತಾ ಕೂತ್ಕೋಬೇಡಿ."

"ಫೋನೂ ಬ್ಯಾಗಲ್ಲೇ ಹಾಕ್ಬಿಟ್ಟೆ. ಹೋಗೇ ತಾಯಿ."

ಆ ದಿನವೂ ಪಕ್ಕದ ಮೇಜಿಗೆ ಬಂದಿದ್ದ ಚಿನ್ನದ ಹಲ್ಲಿನ ಅಜ್ಜಿ ಎಲ್ಲವನ್ನೂ ನೋಡುತ್ತಿದ್ದಳು. ಕುಕ್ಕರಿನ ಕಾಲುಗಳಲ್ಲಿ ನಾನು ಎದ್ದು ನಿಂತಾಗ ಕೈಯೆತ್ತಿ ಏನೋ ಹೇಳಿದಳು, ಹರಸಿದ ಹಾಗಿತ್ತು.

ಕಲಿಸುವವಳ ಹೆಸರು ಆಯ್‌ಗುಲ್. ನನ್ನಷ್ಟೇ ವಯಸ್ಸು, ನಮ್ಮ ಶಾಲೆಯ ಪಿ.ಟಿ. ಮೇಡಮ್ಮಿನ ಗಂಟಲು. ಇಂಗ್ಲಿಷು ನಾಲ್ಕೈದು ಪದ. ಬೂಟಿಗೆ ಸಿಕ್ಕಿಸಿದ ಎರಡೂ ಉದ್ದನೆಯ ಜಾರುಪಟ್ಟಿಗಳ ಮೂತಿ ಹತ್ತಿರ ತಂದು ಹಿಂಭಾಗ ಅಗಲಿಸಿದರೆ ವೇಗ ತಗ್ಗುತ್ತದೆ ಎಂದು ಅಂಗೈ ಜೋಡಿಸಿ ತೋರಿಸಿದಳು. ಸಮೋಸದ ಮೂಲೆಯ ಆಕಾರ. ನನಗೆ ತಕ್ಷಣ ಅರ್ಥವಾಯಿತು. ಹಿಟ್ಟು ಮಡಿಸಿ ಗೊತ್ತಿರುವವಳಿಗೆ ಕಾಲು ಮಡಿಸುವುದು ಎಷ್ಟರದು? ನಿಂತವರನ್ನು ಹೊತ್ತು ಚಲಿಸುವ ರಬ್ಬರಿನ ಪಟ್ಟಿಯೊಂದು ಮೇಲಕ್ಕೆ ಒಯ್ದಿತು. ಅಲ್ಲಿಂದ ಕೆಳಗೆ ಎರಡು ಕೆಂಪು ಕಂಬ ನೆಟ್ಟಿದ್ದರು, ಅವುಗಳ ನಡುವೆ ಹೋಗಿ ನಿಲ್ಲಬೇಕು.

ಹೊರಟೆ. ನಾಲ್ಕು ಮಾರು ಚೆನ್ನಾಗಿಯೇ ಹೋದೆ. ಆಮೇಲೆ ಏನಾಯಿತೋ, ಕಾಲುಗಳು ಎಡಕ್ಕೆ ತಿರುಗಿ ನೇರವಾಗಿ ಕೆಫೆಯ ಕಡೆಗೆ ಹೋಗಿ ಗೋಡೆಯ ಪಕ್ಕದ ಹಿಮದಲ್ಲಿ ನನ್ನನ್ನು ಕೂರಿಸಿದವು. ಎದ್ದು ಮತ್ತೆ ಮೇಲೆ ಹೋದೆ. ಮತ್ತೆ ಕೆಫೆ. ಮೂರನೆಯ ಸಲವೂ ಅದೇ ಗೋಡೆ, ಅದೇ ಜಾಗ. ನಾನು ಕೂತದ್ದರ ಗುರುತು ಹಿಮದಲ್ಲಿ ಹಾಗೆಯೇ ಇತ್ತು. ಆಯ್‌ಗುಲ್ ತನ್ನ ಎರಡು ಕಣ್ಣನ್ನು ಬೆರಳಿನಿಂದ ತಟ್ಟಿಕೊಂಡು ಕೆಂಪು ಕಂಬ ತೋರಿಸಿದಳು. ಮೇಘನಾ ಜಾರಿಕೊಂಡು ಪಕ್ಕಕ್ಕೆ ಬಂದಳು.

"ಅಮ್ಮಾ, ಎಲ್ಲಿ ನೋಡ್ತೀಯೋ ಅಲ್ಲಿಗೇ ಹೋಗ್ತೀಯ. ಅದೇ ಇದರ ರೂಲು. ನೀನು ಕೆಫೆ ನೋಡ್ತಿದೀಯ."

"ನಾನೆಲ್ಲಿ ನೋಡ್ದೆ?"

"ಮೂರು ಸಲ ಅದೇ ಗೋಡೆಗೆ ಹೋಗಿ ಕೂತಿದೀಯ. ಒಳಗೇನು ಬೆಣ್ಣೆ ದೋಸೆ ಹಾಕ್ತಿದಾರಾ?"

"ನಿಮ್ಮಪ್ಪ ಎಚ್ಚರ ಇದಾರಾ ಅಂತ ನೋಡ್ದೆ ಕಣೇ, ಅಷ್ಟೆ."

"ಅದಕ್ಕೇ."

ನಮ್ಮಜ್ಜಿಯ ಪಾಠ ನೆನಪಾಯಿತು. ಗಂಟು ಇರುವ ಕಡೆ ಕಣ್ಣು. ಕಣ್ಣಿರುವ ಕಡೆ ಕಾಲು ಎಂಬ ಮುಂದಿನ ಪಾಠವನ್ನು ಅವಳು ಹೇಳಿರಲಿಲ್ಲ, ಪಾಪ; ಮೆಜೆಸ್ಟಿಕ್ಕಿನಲ್ಲಿ ಅದು ಬೇಕಾಗುತ್ತಿರಲಿಲ್ಲ. ನಾಲ್ಕನೆಯ ಸಲ, ಐದನೆಯ ಸಲ ಹೋದೆ. ಸ್ವಲ್ಪ ಸುಧಾರಿಸಿತು, ಗೋಡೆಯ ತನಕ ಹೋಗದೆ ನಡುವೆಯೇ ಬಿದ್ದೆ. ಬಿಸಿಲು ಬೆಟ್ಟದ ಆಚೆಗೆ ಸರಿಯತೊಡಗಿತು. ಮೇಲಕ್ಕೊಯ್ಯುವ ಪಟ್ಟಿಯನ್ನು ನಿಲ್ಲಿಸುವ ಹೊತ್ತಾಯಿತೆಂದು ಕೂಗಿದರು. ಆಯ್‌ಗುಲ್ ಒಂದು ಬೆರಳೆತ್ತಿ, "ಲಾಸ್ಟ್" ಎಂದಳು.

ಕೊನೆಯ ಸಲ ಮೇಲೆ ಹೋಗಿ ನಿಂತೆ. ಹೊರಡುವ ಮುಂಚೆ ಒಂದೇ ಒಂದು ಸಲ ನೋಡಿಬಿಡುತ್ತೇನೆ, ಆಮೇಲೆ ನೋಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಗಾಜಿನ ಗೋಡೆಯ ಕಡೆ ತಿರುಗಿದೆ.

ನಮ್ಮ ಕುರ್ಚಿ ಖಾಲಿ ಇತ್ತು.

ಇವರಿಲ್ಲ. ಮೇಜಿನ ಮೇಲೆ ನೀಲಿ ಬ್ಯಾಗಿಲ್ಲ. ಆರು ಪಾಸ್‌ಪೋರ್ಟು, ವಾಪಸು ಟಿಕೆಟ್ಟು, ಎಲ್ಲರ ಫೋನು. ಜಾರುಪಟ್ಟಿಗಳನ್ನು ಬಿಚ್ಚಿ ನಡೆದು ಇಳಿದುಬಿಡೋಣವೆಂದು ಬಗ್ಗಿದೆ. ಆ ಬೂಟಿನಲ್ಲಿ ನಡೆದು ಇಳಿಯಲು ಕಾಲು ಗಂಟೆ ಬೇಕು. ಜಾರಿದರೆ ಅರ್ಧ ನಿಮಿಷ. ಆದರೆ ಬ್ಯಾಗಿನ ಚಿಂತೆಯಲ್ಲಿ ಆ ಕಡೆ ನೋಡಿದೆನೋ, ಬೀಳುವುದು ಖಂಡಿತ. ಬ್ಯಾಗನ್ನು ಬೇಗ ಸೇರಬೇಕಾದರೆ ಬ್ಯಾಗಿನ ಕಡೆ ನೋಡಬಾರದು. ನನ್ನ ಇಡೀ ಜೀವನದಲ್ಲಿ ಇಂಥ ಪೇಚು ಬಂದಿರಲಿಲ್ಲ.

ಕೆಂಪು ಕಂಬ ನೋಡಿದೆ. ಎರಡೂ ಕಂಬದ ನಡುವಿನ ಬಿಳಿ ಜಾಗ ನೋಡಿದೆ. ಹೊರಟೆ.

ಅದು ಹೇಗಿತ್ತು ಎಂದು ಶಶಿ ಇವತ್ತಿಗೂ ಕೇಳುತ್ತಾಳೆ. ಮೊದಲು ಕಾಲಡಿ ಸರಸರ ಎಂಬ ಸದ್ದು, ಹೊಸ ಸೀರೆಯ ಮಡಿಕೆ ಬಿಡಿಸಿದ ಹಾಗೆ. ಕಿವಿಯ ಪಕ್ಕ ಗಾಳಿ. ಕಂಬಗಳು ತಾವಾಗಿಯೇ ನನ್ನ ಕಡೆಗೆ ಬರುತ್ತಿವೆ, ನಾನು ಸುಮ್ಮನೆ ನಿಂತಿದ್ದೇನೆ ಅನ್ನಿಸಿತು. ಕೈಯಲ್ಲಿ ಏನೂ ಇಲ್ಲ, ಹೆಗಲಿಗೆ ಏನೂ ಇಲ್ಲ. ನಡುವೆ ಎಲ್ಲೋ ಒಂದಷ್ಟು ಹೊತ್ತು, ಅದು ಹತ್ತು ಎಣಿಸುವಷ್ಟು ಇದ್ದಿರಬಹುದು, ಬ್ಯಾಗು ನನ್ನ ತಲೆಯಲ್ಲಿ ಇರಲೇ ಇಲ್ಲ. ಕಳೆದುಹೋಯಿತೆಂಬ ಚಿಂತೆಯೂ ಇಲ್ಲ, ಇದೆಯೆಂಬ ಧೈರ್ಯವೂ ಇಲ್ಲ. ಹಿಮ, ನಾನು, ಎರಡು ಕಂಬ. ಕಂಬ ದಾಟಿದೆ, ಸಮೋಸ ಮಡಿಸಿದೆ, ನಿಂತೆ. ಬೀಳಲಿಲ್ಲ.

ಎದುರಿಗೆ ಬೇಲಿಯ ಕಂಬಿ ಹಿಡಿದುಕೊಂಡು, ಒಂದೇ ಕಾಲಿನ ಮೇಲೆ ಭಾರ ಹಾಕಿ ಇವರು ನಿಂತಿದ್ದರು. ಕೊನೆಯ ಸಲವಂತೆ ಎಂದು ಗೊತ್ತಾಗಿ ಗಾಜಿನಿಂದ ಸರಿಯಾಗಿ ಕಾಣುವುದಿಲ್ಲವೆಂದು ಕುಂಟಿಕೊಂಡು ಹೊರಗೆ ಬಂದಿದ್ದರು.

"ಬಿದ್ದಿಲ್ವಲ್ಲೇ ನೀನು" ಎಂದರು. ಅವರ ಕಣ್ಣು ನೀರಾಡುತ್ತಿತ್ತು, ಚಳಿಗೆ ಇರಬಹುದು.

"ಬ್ಯಾಗೆಲ್ರೀ?"

"ಅಜ್ಜಿ ಹತ್ರ."

ಒಳಗೆ ಹೋದರೆ ನೋಡಬೇಕಿತ್ತು. ನೀಲಿ ಬ್ಯಾಗು ಆ ಅಜ್ಜಿಯ ಮಡಿಲಲ್ಲಿ. ಎರಡು ಕೈಯಿಂದ ಬಾಚಿ ಹಿಡಿದಿದ್ದಾಳೆ, ಪಟ್ಟಿ ಮಣಿಕಟ್ಟಿಗೆ ಸುತ್ತಿದೆ. ನಮ್ಮ ಉಳಿದ ಸಾಮಾನುಗಳೆಲ್ಲ ಅವಳ ಕುರ್ಚಿಯ ಕೆಳಗೆ ಸಾಲಾಗಿವೆ. ಎದುರಿಗೆ ರಮೇಶ್ ಪೆಚ್ಚು ಮುಖ ಹಾಕಿಕೊಂಡು ನಿಂತಿದ್ದಾರೆ.

"ಸುಧಕ್ಕ, ನನ್ ಫೋನ್ ತಗೊಳ್ಳೋಣ ಅಂತ ಕೈ ಹಾಕ್ದೆ. ಕೈ ಮೇಲೆ ಹೊಡುದ್ರು."

"ಒಂದೇ ಏಟಾ?"

"ಎರಡು."

ಇವರು ಕೈ ಚಾಚಿದರೂ ಅವಳು ಕೊಡಲಿಲ್ಲ. ನಾನು ಹೋಗಿ ನಿಂತಾಗ ಮಣಿಕಟ್ಟಿನ ಸುತ್ತು ಬಿಚ್ಚಿ, ಬ್ಯಾಗನ್ನು ಎರಡೂ ಕೈಯಲ್ಲಿ ಎತ್ತಿ, ನನಗೇ ಕೊಟ್ಟಳು. ಜಿಪ್ಪನ್ನು ತೋರಿಸಿ, ತಾನು ತೆರೆದಿಲ್ಲವೆಂದು ತಲೆಯಾಡಿಸಿದಳು. ಒಂದು ಟವೆಲ್ಲೂ ಕಳೆಯದವಳು ನಾನೊಬ್ಬಳೇ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ನಾನು ಅವಳ ಚೀಲಗಳನ್ನು ತೋರಿಸಿದೆ, ನನ್ನ ಎದೆ ಮುಟ್ಟಿಕೊಂಡೆ, ಬಾಗಿಲ ಕಡೆ ಕೈ ಮಾಡಿದೆ. ನಾನಿದ್ದೀನಿ, ಹೋಗಿ ಬನ್ನಿ ಎಂದು. ಅವಳು ಮೊಣಕಾಲು ತಟ್ಟಿಕೊಂಡು ಬೇಡ ಬೇಡವೆಂದಳು. ನಾನು ಕುರ್ಚಿ ಎಳೆದುಕೊಂಡು ಅವಳ ಚೀಲಗಳ ನಡುವೆ ಕೂತೆ, ಒಂದರ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡೆ. ಅದನ್ನು ನೋಡಿ ಅವಳಿಗೆ ಧೈರ್ಯ ಬಂತು. ಎದ್ದಳು. ಗಾಜಿನಾಚೆ ಮೊಮ್ಮಕ್ಕಳು ಅವಳನ್ನು ಕಂಡು ಕಿರುಚಾಡಿದ್ದು ಒಳಗಿನ ತನಕ ಕೇಳಿಸಿತು. ಮಕ್ಕಳ ಜಾರುಮಣೆಯೊಂದರ ಮೇಲೆ ಕೂರಿಸಿ, ಮುಂದೊಬ್ಬ ಹಿಂದಿಬ್ಬರು ಸೇರಿ, ಸಣ್ಣ ದಿಬ್ಬದಿಂದ ತಳ್ಳಿಬಿಟ್ಟರು. ತಲೆಯ ಚೌಕವೆಲ್ಲ ಹಿಮ ಮಾಡಿಕೊಂಡು ಒಳಗೆ ಬಂದಾಗ ಅವಳ ಎರಡು ಚಿನ್ನದ ಹಲ್ಲೂ ಕಾಣುತ್ತಿದ್ದವು. ಅವಳು ಮೊದಲು ನೋಡಿದ್ದು ನನ್ನನ್ನು. ಆಮೇಲೆ ಚೀಲಗಳನ್ನು ಎಣಿಸಿದಳು.

ಫ್ಲಾಟಿಗೆ ಬಂದಾಗ ಇನ್ನೂ ಏಳು ಗಂಟೆ. ಅಡುಗೆ ನಾನು ಮಾಡಲಿಲ್ಲ, ಶಶಿ ಬಿಡಲಿಲ್ಲ. ಅವಳು ಕುಕ್ಕರಿನಲ್ಲಿ ಅನ್ನ ಇಟ್ಟಳು, ಟೊಮೇಟೊ ಹಾಕಿ ತಿಳಿಸಾರು ಮಾಡಿದಳು. ರಮೇಶ್ ಹಪ್ಪಳ ಕರಿದರು, ನಾಲ್ಕು ಕಪ್ಪಗಾದವು. ಇವರು ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಆಲೂಗಡ್ಡೆ ಸಿಪ್ಪೆ ತೆಗೆದರು. ಮಕ್ಕಳು ಅನ್ನಕ್ಕೆ ಚಟ್ನಿಪುಡಿ ಕಲಸಿ ಪಾತ್ರೆಯ ತಳ ಕಾಣಿಸಿದರು. ನಾನು ಎರಡು ಸಲ ಸಾರನ್ನ ಹಾಕಿಸಿಕೊಂಡೆ, ಆಲೂಗಡ್ಡೆ ಪಲ್ಯ, ಒಂದು ಕಪ್ಪು ಹಪ್ಪಳ, ಕೊನೆಗೆ ಅಲ್ಲಿಯ ಗಟ್ಟಿ ಮೊಸರಿನಲ್ಲಿ ಕಲಸಿದ ಒಂದು ಹಿಡಿ ಅನ್ನ. ಕೈ ತೊಳೆದು ಸೋಫಾಕ್ಕೆ ಒರಗಿದ್ದು ನೆನಪಿದೆ. ಮೊದಲು ನಿದ್ದೆ ಹೋದವಳು ನಾನಂತೆ, ಎಂಟೂವರೆಗೇ. ಆಮೇಲೆ ಶಶಿ, ಆಮೇಲೆ ಮಕ್ಕಳು. ಪಾತ್ರೆ ತೊಳೆದವರು ಯಾರು, ಬಾಗಿಲಿಗೆ ಚಿಲಕ ಹಾಕಿದವರು ಯಾರು, ನೀಲಿ ಬ್ಯಾಗನ್ನು ಎಲ್ಲಿಟ್ಟಿದ್ದರು, ನನಗೆ ಇವತ್ತಿಗೂ ಗೊತ್ತಿಲ್ಲ.